ಊರು ಚಿಕ್ಕದಾದರೂ ಹುಡುಗರು ಹದಿನೆಂಟೇ

ಮಂಡ್ಯದ ತಂಡವಾಗಲಿ, ಬೆಂಗಳೂರಿನ ತಂಡವಾಗಲಿ, ಜೂನಿಯರ್ ಹಾಕಿ ಟೂರ್ನಿಗೆ ಹೋಗುವಾಗ ಪಟ್ಟಿಯಲ್ಲಿ ಬರೆಯೋದು 18 ಹೆಸರು. ನಮ್ಮೂರು ಚಿಕ್ಕದು, ಹಾಗಾಗಿ ಒಂಬತ್ತು ಜನರನ್ನು ಕಳಿಸ್ತೀವಿ ಅನ್ನೋಕಾಗಲ್ಲ. ಗೋಲ್‌ಕೀಪರ್ ಇಬ್ಬರು ಬೇಕು, ಇಬ್ಬರಿಗೂ ಮೈತುಂಬ ಪ್ಯಾಡ್ ಬೇಕು, ಎಲ್ಲರಿಗೂ ಶೂ ಬೇಕು, ಅಭ್ಯಾಸ ಮುಗಿದ ಮೇಲೆ ಹೊಟ್ಟೆಗೆ ಏನಾದರೂ ಬೇಕು. ಖರ್ಚು ತಲೆ ಎಣಿಸಿ ಬರುತ್ತೆ, ವರಮಾನ ಊರು ನೋಡಿ ಬರುತ್ತೆ. ಸಣ್ಣ ಊರಿನ ತಂಡದ ಖಜಾಂಚಿ ಒದ್ದಾಡೋದು ಈ ಎರಡರ ನಡುವೆ.

ಇದು ನಮ್ಮ ಕಡೆಯವರಿಗಷ್ಟೇ ಬಂದ ಪಾಡಲ್ಲ. ಕೆನಡಾದಲ್ಲಿ 16ರಿಂದ 20 ವರ್ಷದ ಹುಡುಗರ ಐಸ್ ಹಾಕಿ ಲೀಗುಗಳಿವೆ. ಅವುಗಳಲ್ಲಿ ಒಂದಾದ ವೆಸ್ಟರ್ನ್ ಹಾಕಿ ಲೀಗ್‌ನಲ್ಲಿ ಸ್ವಿಫ್ಟ್ ಕರೆಂಟ್ ಅನ್ನೋ ಊರಿನ ತಂಡವಿದೆ. ಆ ಊರು ನಮ್ಮ ಮದ್ದೂರು ಪಟ್ಟಣಕ್ಕಿಂತ ಚಿಕ್ಕದು, ತಂಡದ ಒಡೆತನವೂ ಊರವರದ್ದೇ. ಆ ಲೀಗ್‌ನಲ್ಲಿ ಹುಡುಗ ಒಂದು ಸೀಸನ್ ಆಡಿದರೆ ಅವನಿಗೆ ಒಂದು ವರ್ಷದ ಕಾಲೇಜು ಫೀಸು, ಪುಸ್ತಕದ ಖರ್ಚು ಸಿಗಬೇಕು. ಉಳಿಯೋಕೆ ಊರಿನ ಒಂದು ಮನೆ, ಊಟ, ಆಟದ ಸಾಮಾನು ಬೇರೆ. 2014ರಲ್ಲಿ ಆಟಗಾರರು ಕನಿಷ್ಠ ಕೂಲಿ ಕೇಳಿ ಕೋರ್ಟಿಗೆ ಹೋದರು. 2025ರ ಆಗಸ್ಟ್ 1ರಿಂದ ಅಮೆರಿಕದ ಕಾಲೇಜು ತಂಡಗಳೂ ಈ ಹುಡುಗರನ್ನು ಸೇರಿಸಿಕೊಳ್ಳಬಹುದು ಅಂತಾಯಿತು. ಅಲ್ಲಿಗೆ ಹೋಗದೆ ಇಲ್ಲೇ ಉಳಿ ಅನ್ನೋಕೆ ತಂಡದ ಕೈಯಲ್ಲಿ ಇನ್ನೂ ಏನಾದರೂ ಇರಬೇಕು. ದೊಡ್ಡ ನಗರದ ತಂಡ ಟಿಕೆಟ್ ಮಾರಿ ಕೊಡುತ್ತೆ, ಹದಿನೇಳು ಸಾವಿರ ಜನರ ಊರು ಎಷ್ಟು ಟಿಕೆಟ್ ಮಾರೀತು?

ಮಂಡ್ಯ, ಮೈಸೂರಿನ ಮೈದಾನದಲ್ಲಿ ಟಿಕೆಟ್ಟೂ ಇಲ್ಲ, ಕೂಲಿಯ ಮಾತೂ ಇಲ್ಲ. ಆದರೂ ಹುಡುಗರಿಗೆ ಕೊಡಬೇಕಾದ್ದು ಇದ್ದೇ ಇದೆ: ಕಿಟ್ಟು, ತಿಂಡಿ, ಗಾಡಿ, ವಿಮೆ, ಟರ್ಫ್ ಅನ್ನೋ ಕೃತಕ ಹುಲ್ಲಿನ ಮೈದಾನ. ಇವುಗಳಲ್ಲಿ ಯಾವುದು ಎಷ್ಟು ತಿನ್ನುತ್ತೆ, ಯಾವುದನ್ನು ಕತ್ತರಿಸಬಹುದು, ಯಾವುದಕ್ಕೆ ಕತ್ತರಿ ಹಾಕಿದರೆ ಕೈಸುಡುತ್ತೆ ಅನ್ನೋದು ಇಲ್ಲಿಯ ವಿಷಯ. ಇಲ್ಲಿ ಹಾಕಿರುವ ಅಂಗಡಿ ದರ, ಬಾಡಿಗೆ ದರಗಳೆಲ್ಲ ಲೆಕ್ಕ ಕಟ್ಟೋಕೆ ಹಿಡಿದವು. ಅವುಗಳ ಜಾಗದಲ್ಲಿ ನಿಮ್ಮೂರಿನ ದರ ಹಾಕಿಕೊಳ್ಳಿ, ಲೆಕ್ಕದ ದಾರಿ ಬದಲಾಗಲ್ಲ.

ಎಲ್ಲರೂ ಮೊದಲು ಅಳೋದು ಗೋಲ್‌ಕೀಪರ್ ಕಿಟ್ಟಿಗೆ. ಹೆಲ್ಮೆಟ್, ಗಂಟಲು ಗಾರ್ಡ್, ಎದೆ ಕವಚ, ಮೊಣಕೈ ಪ್ಯಾಡ್, ಎರಡು ಕೈಗಳಿಗೆ ಬೇರೆ ಬೇರೆ ಹ್ಯಾಂಡ್ ಪ್ರೊಟೆಕ್ಟರ್, ಒಳಗಿನ ಗಾರ್ಡ್, ಪ್ಯಾಡೆಡ್ ಚಡ್ಡಿ, ಲೆಗ್ ಗಾರ್ಡ್, ಶೂ ಮೇಲೆ ಕಟ್ಟುವ ಕಿಕ್ಕರ್. ದೇಶೀ ತಯಾರಿಕೆಯ ಸಾಧಾರಣ ಸೆಟ್ಟಿಗೆ ₹30,000 ಹಿಡಿಯಿರಿ. ಎರಡು ಸೆಟ್ಟಿಗೆ ₹60,000. ನೋಡಿದರೆ ಎದೆ ಝಲ್ಲೆನ್ನುತ್ತೆ. ಆದರೆ ಸರಿಯಾಗಿ ಇಟ್ಟುಕೊಂಡರೆ ಮೂರು ಸೀಸನ್ ಬರುತ್ತೆ, ಅಂದರೆ ವರ್ಷಕ್ಕೆ ₹20,000. ಇಟ್ಟುಕೊಳ್ಳದಿದ್ದರೆ ಒಂದೂವರೆ ಸೀಸನ್ನಿಗೆ ಮುಗಿಯುತ್ತೆ, ಆಗ ವರ್ಷಕ್ಕೆ ₹40,000. ದುಡ್ಡು ಉಳಿಯೋದೂ ಹೋಗೋದೂ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಅಲ್ಲ, ಸ್ಟೋರ್ ರೂಮಿನಲ್ಲಿ.

ಪ್ಯಾಡ್ ಮತ್ತು ಕಿಕ್ಕರ್ ಒತ್ತಾದ ಫೋಮಿನವು. ಬೆವರು ಕುಡಿದ ಫೋಮನ್ನು ಚೀಲದಲ್ಲಿ ಕಟ್ಟಿಟ್ಟರೆ ಎರಡನೇ ದಿನಕ್ಕೆ ನಾತ, ತಿಂಗಳಿಗೆ ಬೂಷ್ಟು. ನಾತ ಹೋಗಲಿ ಅಂತ ಏಪ್ರಿಲ್ ಬಿಸಿಲಿಗೆ ಹರವಿದರೆ ಫೋಮು ಗಡುಸಾಗಿ ಅಂಚು ಸುರುಟಿಕೊಳ್ಳುತ್ತೆ, ಚೆಂಡು ಬಡಿದರೆ ಪುಟಿಯಲ್ಲ, ಸತ್ತಹಾಗೆ ಅಲ್ಲೇ ಬೀಳುತ್ತೆ. ಅದನ್ನೇ ಎದುರಾಳಿ ಬಂದು ಗೋಲಿಗೆ ತಳ್ಳುತ್ತಾನೆ. ನೆರಳಲ್ಲಿ, ಗಾಳಿಯಾಡೋ ಕಡೆ, ತಂತಿಗೆ ನೇತುಹಾಕೋದೊಂದೇ ದಾರಿ. ನೇತುಹಾಕಿದರೆ ಇನ್ನೊಂದು ಲಾಭವಿದೆ, ಇಲಿ ಸೇರಲ್ಲ. ಹಳೇ ಶಾಲೆ ಕಟ್ಟಡದ ಸ್ಟೋರ್ ರೂಮಿನಲ್ಲಿ ಪ್ಯಾಡನ್ನು ನೆಲಕ್ಕೆ ಬಿಟ್ಟರೆ ಕಬ್ಬಿನ ಗದ್ದೆ ಕೊಯ್ಲಾಗುವ ಹೊತ್ತಿಗೆ ಅದರೊಳಗೆ ಸಂಸಾರವೇ ಇರುತ್ತೆ.

ಮೊದಲು ಹರಿಯೋದು ಕಿಕ್ಕರಿನ ತಳದ ಪಟ್ಟಿ. ಮಣ್ಣಿನ ಮೈದಾನದ ಕಲ್ಲುಪುಡಿ ಅದನ್ನು ಅರದ ಹಾಗೆ ತಿನ್ನುತ್ತೆ. ಪಟ್ಟಿ ಹರಿಯಿತು ಅಂತ ಕಿಕ್ಕರ್ ಬಿಸಾಡಿ ಹೊಸದು ತರಿಸುವವರಿದ್ದಾರೆ. ಬ್ಯಾಗ್ ರಿಪೇರಿ ಅಂಗಡಿಗೆ ಹೋಗಿ ಒಂದಿಂಚಿನ ನೈಲಾನ್ ಪಟ್ಟಿ, ಪ್ಲಾಸ್ಟಿಕ್ ಬಕಲ್ ಹಾಕಿಸಿ, ಎರಡು ಸಾಲು ಹೊಲಿಗೆ ಹಾಕಿಸಿದರೆ ಇನ್ನೊಂದು ಸೀಸನ್ ನಡೆಯುತ್ತೆ. ಹೆಲ್ಮೆಟ್ಟಿಗೆ ಮಾತ್ರ ಇಂಥ ಯಾವ ಉಪಾಯವೂ ಬೇಡ. ಚಿಪ್ಪಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಮುಗಿಯಿತು. ಸೆಕೆಂಡ್ ಹ್ಯಾಂಡಿನಲ್ಲಿ ಲೆಗ್ ಗಾರ್ಡ್ ತಗೊಳ್ಳಿ, ಎದೆ ಕವಚ ತಗೊಳ್ಳಿ, ಹೆಲ್ಮೆಟ್ ಬೇಡ. ಅಳತೆಯ ವಿಷಯದಲ್ಲೂ ಒಂದು ತಪ್ಪು ಪದೇ ಪದೇ ಆಗುತ್ತೆ: ಮುಂದಿನ ವರ್ಷಕ್ಕೂ ಆಗಲಿ ಅಂತ ಐದಡಿಯ ಹುಡುಗನಿಗೆ ದೊಡ್ಡ ಸೈಜಿನ ಲೆಗ್ ಗಾರ್ಡ್ ತರೋದು. ಮಂಡಿ ಮಡಚೋಕೆ ಆಗದೆ ಅವನು ಕಂಬದ ಹಾಗೆ ನಿಲ್ಲುತ್ತಾನೆ. ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಕಂಬ ನಿಂತರೆ ಅದು ಮುಚ್ಚಲ್ಲ.

ಜಲಂಧರ್ ಅಥವಾ ಮೀರತ್‌ನಿಂದ ತರಿಸುವಾಗ ಕೊರಿಯರ್ ದರ ಕೇಳಿ ಗಾಬರಿಯಾಗುತ್ತೆ. ಕಾರಣ ತೂಕ ಅಲ್ಲ, ಗಾತ್ರ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರೋದೇ ಕೊರಿಯರಿನವರ ತೂಕ. 90, 45, 45ರ ಪೆಟ್ಟಿಗೆ ಅಂದರೆ ಅವರ ಲೆಕ್ಕದಲ್ಲಿ 36 ಕಿಲೋ ದಾಟುತ್ತೆ, ಒಳಗಿನ ಸಾಮಾನು ಅದರ ಅರ್ಧವೂ ತೂಗಲ್ಲ. ಎದೆ ಕವಚವನ್ನು ಲೆಗ್ ಗಾರ್ಡಿನೊಳಗೆ, ಚಡ್ಡಿಯನ್ನು ಹೆಲ್ಮೆಟ್ಟಿನೊಳಗೆ ತುರುಕಿ ಪ್ಯಾಕ್ ಮಾಡಿ ಅಂತ ಆರ್ಡರ್ ಕೊಡುವಾಗಲೇ ಬರೆಸಿ. ಬೆಂಗಳೂರಿನ ಅಂಗಡಿಯಿಂದ ತರಿಸೋದಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಹಾಕಿಸಿ ಬಸ್ ನಿಲ್ದಾಣದಲ್ಲಿ ಇಳಿಸಿಕೊಳ್ಳಬಹುದು.

ಸ್ಟಿಕ್ಕಿನ ವಿಷಯ ಬೇಗ ಮುಗಿಸೋಣ. 737 ಗ್ರಾಂ ಮೀರಬಾರದು, 51 ಮಿಲಿಮೀಟರ್ ಬಳೆಯೊಳಗೆ ತೂರಬೇಕು ಅನ್ನೋದು ನಿಯಮ. ಅಂಗಡಿಯವನು ಶೇ. 90 ಕಾರ್ಬನ್ ಅಂತ ತೋರಿಸುತ್ತಾನೆ. ಹದಿನಾಲ್ಕರ ಹುಡುಗನಿಗೆ ಅದು ಬೇಡ. ಕಾರ್ಬನ್ ಜಾಸ್ತಿಯಾದಷ್ಟು ಕೋಲು ಗಡುಸು, ಚೆಂಡು ತಡೆಯೋಕೆ ಹೋದರೆ ಪುಟಿದು ಓಡುತ್ತೆ, ಕಲ್ಲಿಗೆ ತಗುಲಿದರೆ ಅಂಚು ಚಕ್ಕೆ ಏಳುತ್ತೆ. ಶೇ. 20ರಿಂದ 50ರ ಒಳಗಿನದು ಸಾಕು. ಮಣ್ಣಿನಲ್ಲಿ ಅಭ್ಯಾಸಕ್ಕೆ ಮರದ ಕೋಲು, ಟರ್ಫಿಗೆ ಮಾತ್ರ ಕಾಂಪೊಸಿಟ್ (ಕಾರ್ಬನ್ ಬೆರೆತ ಕೋಲು) ಅಂತ ಬೇರೆ ಮಾಡಿಟ್ಟರೆ ಕಾಂಪೊಸಿಟ್ ಎರಡು ವರ್ಷ ಬಾಳುತ್ತೆ. ಮರದ ಕೋಲು ಅಂದಾಗ ಒಂದು ಮಾತು: ಅದರ ತಲೆ ಹಿಪ್ಪುನೇರಳೆ ಮರದ್ದು. ನಮ್ಮ ಸುತ್ತಮುತ್ತ ಹಿಪ್ಪುನೇರಳೆ ತೋಟ ಬೇಕಾದಷ್ಟಿದೆ, ಆದರೆ ಇಲ್ಲಿ ಅದು ಹುಳುವಿಗೆ ಸೊಪ್ಪಾಗಿ ಸೊಂಟದೆತ್ತರದಲ್ಲೇ ಕಟಾವಾಗುತ್ತೆ, ಮರ ಆಗೋ ಪುಣ್ಯ ಅದಕ್ಕಿಲ್ಲ.

ಶೂ ವರ್ಷವರ್ಷದ ಖರ್ಚು. ಹುಡುಗರ ಕಾಲು ಎಂಟು ತಿಂಗಳಿಗೆ ಒಂದು ಸೈಜು ಬೆಳೆಯುತ್ತೆ, ಶೂ ಹರಿಯೋಕೆ ಮುಂಚೆ ಚಿಕ್ಕದಾಗುತ್ತೆ. ಚಿಕ್ಕದಾದ ಶೂವನ್ನು ತೊಳೆದು, ಸೈಜು ಬರೆದು ಗೋಣಿಚೀಲದಲ್ಲಿಟ್ಟರೆ ಕಿರಿಯರಿಗೆ ಆಗುತ್ತೆ. ಇದಕ್ಕೆ ನಾಚಿಕೆಪಡೋ ಹುಡುಗರಿಗಿಂತ ನಾಚಿಕೆಪಡೋ ಅಪ್ಪಂದಿರೇ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿದೆ: ಆಟದ ಸಾಮಾನಿಗೆ ಶೇ. 12 ಇದ್ದದ್ದು 5, ಜೋಡಿಗೆ ₹2,500ರವರೆಗಿನ ಶೂಗೂ 5. ₹2,500 ದಾಟಿದ ಶೂಗೆ 18. ಹಾಗಾಗಿ ₹2,600ರ ಶೂ ಆರಿಸೋ ಮುಂಚೆ ₹2,450ರದ್ದನ್ನು ಒಮ್ಮೆ ನೋಡಿ. ಹಳೇ ದರದ ಕೊಟೇಶನ್ ಇಟ್ಟುಕೊಂಡು ಬಿಲ್ ಹಾಕುವ ಅಂಗಡಿಯವರೂ ಇರಬಹುದು, ಬಿಲ್ಲಿನಲ್ಲಿ ತೆರಿಗೆ ಸಾಲು ನೋಡಿಯೇ ದುಡ್ಡು ಕೊಡಿ.

ಈಗ ಯಾರೂ ಅಳದ, ಆದರೆ ಎಲ್ಲಕ್ಕಿಂತ ಹೆಚ್ಚು ತಿನ್ನುವ ಬಾಬ್ತಿಗೆ ಬರೋಣ: ತಿಂಡಿ.

ತಂಡ 18 ಆದರೂ ಅಭ್ಯಾಸಕ್ಕೆ 25 ಹುಡುಗರು ಬರುತ್ತಾರೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 24 ದಿನ, ಪರೀಕ್ಷೆಯ ಕಾಲ ಬಿಟ್ಟು ವರ್ಷಕ್ಕೆ 10 ತಿಂಗಳು. ಒಬ್ಬನಿಗೆ ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, 200 ಮಿಲಿ ಹಾಲು, 40 ಗ್ರಾಂ ಒಣ ಹೆಸರುಕಾಳು ನೆನೆಸಿದ್ದು. ಮೊಟ್ಟೆಯಿಂದ 12 ಗ್ರಾಂ ಪ್ರೊಟೀನು, ಹಾಲಿಂದ 6ರಷ್ಟು, ಕಾಳಿಂದ 9ರಷ್ಟು, ಸೇರಿ 27ರ ಆಸುಪಾಸು. ಅಭ್ಯಾಸ ಮುಗಿದ ಒಂದು ಗಂಟೆಯೊಳಗೆ 20ರಿಂದ 30 ಗ್ರಾಂ ಹೊಟ್ಟೆಗೆ ಹೋದರೆ ಸ್ನಾಯು ಚೇತರಿಸಿಕೊಳ್ಳುತ್ತೆ. ಇದಕ್ಕೆ ಡಬ್ಬದ ಪುಡಿ ಬೇಕಿಲ್ಲ. ಲೆಕ್ಕ ಹೀಗೆ: ತಿಂಗಳಿಗೆ 1,200 ಮೊಟ್ಟೆ, ಒಂದಕ್ಕೆ ₹7ರಂತೆ ₹8,400. ಹಾಲು 120 ಲೀಟರ್, ₹46ರಂತೆ ₹5,520. ಕಾಳು 24 ಕಿಲೋ, ₹110ರಂತೆ ₹2,640. ಒಟ್ಟು ₹16,560, ಹತ್ತು ತಿಂಗಳಿಗೆ ₹1,65,600. ಗ್ಯಾಸು, ಬೇಯಿಸುವವರ ಸಂಬಳ ಇದರಲ್ಲಿಲ್ಲ. ಎಲ್ಲರೂ ಬಾಯಿಬಡಿದುಕೊಂಡ ಗೋಲ್‌ಕೀಪರ್ ಕಿಟ್ಟು ವರ್ಷಕ್ಕೆ ₹20,000 ಅನ್ನೋದು ನೆನಪಿರಲಿ.

ಬೆಲೆ ಏರಿದರೆ ಏಟು ಬೀಳೋದೂ ಇಲ್ಲೇ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ ₹4 ಏರಿತು. ಮನೆಗೆ ಒಂದು ಲೀಟರ್ ತರೋರಿಗೆ ತಿಂಗಳಿಗೆ ₹120. ಈ ತಂಡಕ್ಕೆ ತಿಂಗಳಿಗೆ ₹480, ವರ್ಷಕ್ಕೆ ₹4,800. ಮೊಟ್ಟೆ ಬರೀ ಐವತ್ತು ಪೈಸೆ ಏರಿದರೆ ವರ್ಷಕ್ಕೆ ₹6,000. ಇಂಥ ಏರಿಕೆಗೆ ಯಾರೂ ಸಭೆ ಕರೆಯಲ್ಲ, ಡಿಸೆಂಬರಿನಲ್ಲಿ ಪಾಸ್‌ಬುಕ್ ತೆಗೆದಾಗ ಮಾತ್ರ ಗೊತ್ತಾಗುತ್ತೆ.

ಇಲ್ಲಿ ಸೋರಿಕೆ ತಡೆಯೋದು ಹಾಜರಾತಿಯಿಂದ. ನಿನ್ನೆ ಎಷ್ಟು ಜನ ಬಂದಿದ್ದರೋ ಅದಕ್ಕೆ ಎರಡು ಸೇರಿಸಿ ಬೇಯಿಸಿ, 25 ಅಂತ ಕಣ್ಣುಮುಚ್ಚಿ ಬೇಯಿಸಬೇಡಿ. ಗೌರಿ ಹಬ್ಬದ ಹಿಂದೆಮುಂದೆ ಮೈದಾನದಲ್ಲಿ ಹತ್ತೇ ಜನ ಇರುತ್ತಾರೆ. ಬೆಳಿಗ್ಗೆ ಬೇಯಿಸಿ ಸಿಪ್ಪೆ ಸುಲಿದಿಟ್ಟ ಮೊಟ್ಟೆ ಸಂಜೆಗೆ ಲೋಳೆ ಬಿಟ್ಟಿರುತ್ತೆ. ಸಿಪ್ಪೆ ಸಮೇತ ಒಯ್ದು ಮೈದಾನದಲ್ಲೇ ಸುಲಿಯಲಿ, ಅದೂ ಅದೇ ಹೊತ್ತಿಗೆ ಬೇಯಿಸಿದ್ದಾದರೆ ಒಳ್ಳೇದು. ನೆನೆಸಿದ ಕಾಳಿಗೆ ಬೇಸಿಗೆಯಲ್ಲಿ ಆರು ಗಂಟೆ ಸಾಕು, ನಡುವೆ ಒಮ್ಮೆ ನೀರು ಬದಲಿಸಿ. ರಾತ್ರಿಯಿಡೀ ಅದೇ ನೀರಲ್ಲಿ ಬಿಟ್ಟರೆ ಮೇ ತಿಂಗಳಲ್ಲಿ ಹುಳಿ ವಾಸನೆ ಬಂದು ಅರ್ಧ ತಂಡಕ್ಕೆ ಹೊಟ್ಟೆ ಕೆಡುತ್ತೆ. ಮೊಟ್ಟೆ ತಿನ್ನದ ಹುಡುಗರಿಗೆ ಹಾಲು ದುಪ್ಪಟ್ಟು, ಜೊತೆಗೆ ಕಡಲೆಮಿಠಾಯಿ. ಬೆಲ್ಲಕ್ಕೆ ಮಂಡ್ಯದವರು ಬೇರೆ ಊರು ಹುಡುಕಬೇಕಾಗಿಲ್ಲ. ಬಣ್ಣದ ಬಾಟಲಿ ಪಾನೀಯ ಪೂರ್ತಿ ನಿಲ್ಲಿಸಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆ ಸಮ ಮಾಡಿ. ರುಚಿಗೆ ನಿಂಬೆ ಹಿಂಡಿ. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ, ಜಾಸ್ತಿಯಾದರೆ ವಾಂತಿ.

ಪ್ರಯಾಣದಲ್ಲಿ ಹುಡುಗರ ತಂಡಕ್ಕೂ ಹುಡುಗಿಯರ ತಂಡಕ್ಕೂ ಲೆಕ್ಕ ಪೂರಾ ಬೇರೆಯಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮಂಡ್ಯದಿಂದ ಬೆಂಗಳೂರಿನ ಮೈಸೂರು ರಸ್ತೆ ಸ್ಯಾಟಲೈಟ್ ನಿಲ್ದಾಣಕ್ಕೆ, ಅಲ್ಲಿಂದ ಬಿಎಂಟಿಸಿಯಲ್ಲಿ ಶಾಂತಿನಗರದ ಕಡೆಗೆ, ಕಾರ್ಯಪ್ಪ ಹಾಕಿ ಕ್ರೀಡಾಂಗಣದವರೆಗೆ ಹದಿನೆಂಟು ಹುಡುಗಿಯರು ಶೂನ್ಯ ಟಿಕೆಟ್ಟಿನಲ್ಲಿ ಹೋಗಿ ಬರಬಹುದು. ಆಧಾರ್ ಅಥವಾ ವಿಳಾಸವಿರುವ ಗುರುತಿನ ಚೀಟಿ ಎಲ್ಲರ ಕೈಯಲ್ಲೂ ಇರಬೇಕು, ಒಬ್ಬಳು ಮರೆತರೆ ಅವಳಿಗೆ ಟಿಕೆಟ್. ಐರಾವತ, ರಾಜಹಂಸಕ್ಕೆ ಇದು ನಡೆಯಲ್ಲ, ಬಾಡಿಗೆಗೆ ಹಿಡಿದ ಬಸ್ಸಿಗೂ ನಡೆಯಲ್ಲ. ಗೋಲ್‌ಕೀಪರ್ ಚೀಲ ಎರಡಕ್ಕೆ ಕಂಡಕ್ಟರ್ ಲಗೇಜ್ ಚೀಟಿ ಹರಿದರೆ ವಾದಕ್ಕಿಳಿಯಬೇಡಿ, ಆ ದುಡ್ಡನ್ನು ಮೊದಲೇ ಬಜೆಟ್ಟಿನಲ್ಲಿಡಿ. ಪಂದ್ಯ ಸಂಜೆ ಆರು ದಾಟೋ ಹಾಗಿದ್ದರೆ ಮಾತ್ರ ಈ ಉಳಿತಾಯದ ಆಸೆ ಬಿಟ್ಟು ಗಾಡಿ ಮಾಡಿ. ನಡುರಾತ್ರಿ ಬಸ್ ನಿಲ್ದಾಣದಲ್ಲಿ ಇಳಿದ ಹುಡುಗಿ ಕಿರಗಾವಲಿಗೋ ಬಸರಾಳಿಗೋ ಹೇಗೆ ಹೋದಾಳು?

ಹುಡುಗರಿಗೆ ಆ ಸೌಕರ್ಯವಿಲ್ಲ. 2025ರ ಜನವರಿ 5ರಿಂದ ಬಸ್ ದರ ಶೇ. 15 ಏರಿದ್ದು ಅವರ ತಲೆಗೇ ಬಂತು. ವಿದ್ಯಾರ್ಥಿ ಪಾಸು ಮನೆಯಿಂದ ಶಾಲೆಯ ದಾರಿಗಷ್ಟೇ. ಕೊನೆಗೆ ಗಾಡಿ ಬಾಡಿಗೆಗೇ ಬರಬೇಕು. ಅಲ್ಲಿ ಮೂರು ಗುಂಡಿಗಳಿವೆ.

ಮೊದಲನೇದು ಮಿನಿಮಮ್ ಕಿಲೋಮೀಟರ್. ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬರೋಕೆ 200 ಕಿ.ಮೀ. ಆದರೂ ದಿನಕ್ಕೆ 300 ಅಂತಲೇ ಬಿಲ್ಲು. 26 ಸೀಟಿನ ಮಿನಿ ಬಸ್ಸಿಗೆ ಕಿ.ಮೀ.ಗೆ ₹32 ಆದರೆ ₹9,600, ಚಾಲಕನ ಬಾಟಾ ₹700, ಟೋಲು ಪಾರ್ಕಿಂಗಿಗೆ ₹1,000, ಒಟ್ಟು ₹11,300. ಎರಡನೇದು, ಮೀಟರು ಗಾಡಿಯ ಮಾಲೀಕನ ಮನೆಯಿಂದಲೇ ಓಡುತ್ತೆ. ಗಾಡಿ ಮೈಸೂರಿನದಾದರೆ ಬಂದು ಹೋಗುವ 90 ಕಿ.ಮೀ. ನಿಮ್ಮದೇ. ಮೇಲಿನ ಲೆಕ್ಕದಲ್ಲಿ ಅದು ಸೇರಿದರೂ 290, ಮಿನಿಮಮ್ಮಿನ ಒಳಗೇ ನಿಂತಿತು. ಪೊನ್ನಂಪೇಟೆಯ ಟರ್ಫಿಗೆ ಹೋಗೋದಾದರೆ ಮೈಸೂರಿನ ಗಾಡಿಯಿಂದ ಲಾಭ ಇದೆಯೋ ಇಲ್ಲವೋ ಕೂಡಿ ನೋಡಬೇಕು. ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು: ದಿನ ಅಂದರೆ ಕ್ಯಾಲೆಂಡರ್ ದಿನ. ಬಹುಮಾನ ವಿತರಣೆಗೆ ಅತಿಥಿ ತಡವಾಗಿ ಬಂದು, ದಾರಿಯಲ್ಲಿ ಊಟಕ್ಕೆ ನಿಂತು, ಗಾಡಿ ಮನೆ ಸೇರುವಾಗ ಹನ್ನೆರಡು ದಾಟಿದರೆ ಎರಡನೇ ದಿನದ 300 ಕಿ.ಮೀ. ಬಿಲ್ಲಿಗೆ ಸೇರುತ್ತೆ. ಅರ್ಧ ಗಂಟೆಗೆ ಹತ್ತು ಸಾವಿರ. ಬಾಡಿಗೆ ಮಾತಾಡುವಾಗಲೇ, ರಾತ್ರಿ ಎರಡರವರೆಗೆ ಒಂದೇ ದಿನ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಳಿಗ್ಗೆ ಬೆಲೆ ಇರಲ್ಲ.

ಮೈಸೂರಿಗೆ ಆಡೋಕೆ ಬರುವ ತಂಡಗಳಿಗೆ ಒಂದು ಮಾತು. ದಸರೆಯ ದಿನಗಳಲ್ಲಿ ಲಾಡ್ಜ್ ಬಾಡಿಗೆ ಕೇಳಲೇಬೇಡಿ. ಛತ್ರ, ಶಾಲೆ, ಸಮುದಾಯ ಭವನ ಅಂತ ಒಂದೂವರೆ ತಿಂಗಳು ಮೊದಲೇ ಪತ್ರ ಕೊಟ್ಟಿರಬೇಕು. ಜಮಖಾನ, ಚೊಂಬು, ಬಕೆಟ್ ತಂಡದ್ದೇ ಇರಲಿ.

ವಿಮೆಗೆ ಬರೋಣ. ಸಣ್ಣ ತಂಡಗಳು ಮೊದಲು ಬಿಡೋದು ಇದನ್ನೇ. ಬಿಡಬಾರದ್ದೂ ಇದನ್ನೇ. 160 ಗ್ರಾಂ ತೂಗುವ ಗಟ್ಟಿ ಚೆಂಡು ಪೆನಾಲ್ಟಿ ಕಾರ್ನರಿನಲ್ಲಿ ಮಂಡಿಗೋ ಬಾಯಿಗೋ ಬಂದರೆ ಆಗೋ ಖರ್ಚನ್ನು ಯಾವ ಊರಿನ ಚಂದಾ ಪುಸ್ತಕವೂ ತಡೆಯಲ್ಲ.

ಬಹಳ ಜನ ವರ್ಷಕ್ಕೆ ₹20ರ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಅಂತಾರೆ. ಅದಕ್ಕೆ 18 ವರ್ಷ ತುಂಬಿರಬೇಕು, 16ರ ಒಳಗಿನ ಸಬ್ ಜೂನಿಯರ್ ಹುಡುಗರಿಗೆ ಸಿಗಲ್ಲ, 19ರ ಒಳಗಿನ ಜೂನಿಯರ್ ತಂಡದಲ್ಲೂ ಹೆಚ್ಚಿನವರಿಗೆ ಸಿಗಲ್ಲ. ಸಿಕ್ಕವರಿಗೂ ಅದು ಅಪಘಾತದ ಸಾವು, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮುರಿದ ಕೈಗೆ ಪ್ಲೇಟ್ ಹಾಕಿಸಿದ ಬಿಲ್ಲಿಗೆ ಅಲ್ಲ. ಬೇಕಾಗಿರೋದು ಗುಂಪು ವೈಯಕ್ತಿಕ ಅಪಘಾತ ವಿಮೆ. ಅದರಲ್ಲೂ ಮೂಲ ಪಾಲಿಸಿ ಸಾವು, ಅಂಗವೈಕಲ್ಯದ್ದೇ. ಅಪಘಾತದ ಚಿಕಿತ್ಸಾ ವೆಚ್ಚ ಅನ್ನೋದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು, ಏಜೆಂಟ್ ಕೇಳದಿದ್ದರೆ ನೀವೇ ಕೇಳಿ. ಹೊರಗಿಟ್ಟಿರುವ ಸಂಗತಿಗಳ ಪಟ್ಟಿಯಲ್ಲಿ ವೃತ್ತಿಪರ ಕ್ರೀಡೆ, ಅಪಾಯದ ಕ್ರೀಡೆ ಅಂತ ಇರುತ್ತೆ. ಹವ್ಯಾಸಿ ಹಾಕಿ ಅಭ್ಯಾಸ ಮತ್ತು ಪಂದ್ಯ ಎರಡೂ ಒಳಗಿವೆ ಅಂತ ಲಿಖಿತವಾಗಿ ತರಿಸಿಕೊಳ್ಳಿ. ಅಭ್ಯಾಸ ಅನ್ನೋ ಶಬ್ದ ಬಿಟ್ಟುಹೋಗಿದ್ದರೆ ಪಾಲಿಸಿ ಅರ್ಧ ದಂಡ, ಯಾಕಂದ್ರೆ ವರ್ಷದಲ್ಲಿ ಪಂದ್ಯ ಇಪ್ಪತ್ತು ದಿನ, ಅಭ್ಯಾಸ ಇನ್ನೂರ ನಲವತ್ತು ದಿನ.

ಜಿಎಸ್‌ಟಿ ಇಳಿಕೆಯ ಸುದ್ದಿಯಲ್ಲಿ ವಿಮೆಗೆ ತೆರಿಗೆ ಹೋಯಿತು ಅಂತ ಓದಿರುತ್ತೀರಿ. ಹೋಗಿದ್ದು ವೈಯಕ್ತಿಕವಾಗಿ ತಗೊಳ್ಳುವ ಆರೋಗ್ಯ ಮತ್ತು ಜೀವ ವಿಮೆಗೆ. ಗುಂಪು ಪಾಲಿಸಿಗೆ ಶೇ. 18 ಹಾಗೇ ಇದೆ, ಬಜೆಟ್ಟಿನಲ್ಲಿ ಸೇರಿಸಿ.

ಕ್ಲೇಮು ಕೆಡೋದು ಹೆಸರಿನಿಂದ. ಆಧಾರಿನಲ್ಲಿ ಅಪ್ಪನ ಹೆಸರಿನ ಅಕ್ಷರ ಹಿಂದೆ, ಶಾಲೆಯ ದಾಖಲೆಯಲ್ಲಿ ಮುಂದೆ, ಆಸ್ಪತ್ರೆಯ ಚೀಟಿಯಲ್ಲಿ ಕರೆಯುವ ಹೆಸರು. ಮೂರೂ ಬೇರೆಯಾದರೆ ಕಾಗದ ತಿರುಗಿ ಬರುತ್ತೆ. ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಆಧಾರಿನ ಫೋಟೋ ತೋರಿಸಿ ಬರೆಸಿ. ಅದಕ್ಕಾಗಿ ತಂಡದ ಮ್ಯಾನೇಜರನ ಮೊಬೈಲಿನಲ್ಲಿ ಎಲ್ಲ ಹುಡುಗರದ್ದೂ ಇರಲಿ. ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ, ಮೂಲ ಬಿಲ್ಲು ಒಂದೇ ಕವರಿನಲ್ಲಿ. ವಿಮೆಯವರಿಗೆ ಮೊದಲ ಸುದ್ದಿ ಅದೇ ದಿನ ಇಮೇಲಿನಲ್ಲಿ ಹೋಗಬೇಕು. ಸೀಸನ್ ಮಧ್ಯೆ ಸೇರಿದ ಹುಡುಗನ ಹೆಸರು ಪಟ್ಟಿಗೆ ಸೇರಿಸದೇ ಮೈದಾನಕ್ಕೆ ಇಳಿಸಬೇಡಿ. ಬಿಪಿಎಲ್ ಕಾರ್ಡಿನ ಮನೆಯಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಇದೆ, ಅದರ ಕಾರ್ಡ್ ಮಾಡಿಸೋಕೆ ಅಪ್ಪ ಅಮ್ಮಂದಿರಿಗೆ ಜುಲೈಯಲ್ಲೇ ಹೇಳಿ, ಗಾಯವಾದ ರಾತ್ರಿ ಅಲ್ಲ.

ಇದರ ಜೊತೆಯ ಸಣ್ಣ ಸಾಮಾನು ಮೌತ್ ಗಾರ್ಡ್. ₹200ರ ಒಳಗೆ ಸಿಗುತ್ತೆ, ಆದರೆ ಅರ್ಧ ಹುಡುಗರು ಹಾಕಲ್ಲ, ಉಸಿರು ಕಟ್ಟುತ್ತೆ ಅಂತಾರೆ. ಕಟ್ಟೋದು ನಿಜ, ಅದನ್ನು ಸರಿಯಾಗಿ ಅಚ್ಚು ಕೂರಿಸಿರಲ್ಲ. ನೀರು ಕುದಿಸಿ, ಒಲೆ ಆರಿಸಿ, ಒಂದು ನಿಮಿಷ ಬಿಡಿ. ಗಾರ್ಡನ್ನು ಚಮಚದಲ್ಲಿಟ್ಟು ಪ್ಯಾಕೆಟ್ ಮೇಲೆ ಬರೆದಷ್ಟು ಸೆಕೆಂಡು ಮುಳುಗಿಸಿ, ಹೆಚ್ಚಾದರೆ ಮುದುಡುತ್ತೆ. ತೆಗೆದು ಒಂದು ಕ್ಷಣ ನೀರು ಸೋರಿಸಿ, ಮೇಲಿನ ಹಲ್ಲಿಗೆ ಕೂರಿಸಿ, ಕನ್ನಡಿ ನೋಡಿ ನಡು ಸರಿಮಾಡಿ, ಕಚ್ಚಿ ಹಿಡಿದು ಒಳಗಿನ ಗಾಳಿ ನೀರನ್ನು ಜೋರಾಗಿ ಹೀರಬೇಕು. ಹೊರಗಿಂದ ತುಟಿ ಮೇಲೆ ಬೆರಳಿಂದ ಒತ್ತಬೇಕು. ಇಪ್ಪತ್ತು ಸೆಕೆಂಡಾದ ಮೇಲೆ ತಣ್ಣೀರಿಗೆ. ಬಾಯಿ ತೆರೆದರೂ ಕೆಳಗೆ ಬೀಳದಿದ್ದರೆ ಸರಿಯಾಗಿದೆ, ಬಿದ್ದರೆ ಇನ್ನೊಮ್ಮೆ ಮಾಡಬಹುದು. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗನಿಗೆ ಇದು ಬೇಡ, ಅವನ ದಂತ ವೈದ್ಯರನ್ನೇ ಕೇಳಿ. ಇಷ್ಟಾದರೂ ಹಲ್ಲು ಬುಡಸಮೇತ ಬಿದ್ದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದೆತ್ತಿ, ಉಜ್ಜದೆ, ತಣ್ಣನೆ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ದಂತ ವೈದ್ಯರ ಹತ್ತಿರ ಓಡಿ. ಮೈದಾನದಲ್ಲಿ ಹೇಗೂ ಹಾಲಿರುತ್ತೆ, ಕಾಯಿಸದ ಒಂದು ಪ್ಯಾಕೆಟ್ ಐಸ್ ಡಬ್ಬದಲ್ಲಿ ಬೇರೆ ಇಡಿ.

ಟರ್ಫ್ ಬಾಡಿಗೆ ಯಾಕೆ ಅಷ್ಟು ಅನ್ನೋರಿಗೆ ನೀರಿನ ಲೆಕ್ಕ ಸಾಕು. ಆಟದ ಅಂಗಳ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಸುತ್ತಲ ಅಂಚು ಸೇರಿ 101.4 ಮತ್ತು 63, ಅಂದರೆ ಸುಮಾರು 6,400 ಚದರ ಮೀಟರ್. ಆಟಕ್ಕೆ ಮುಂಚೆ ಟರ್ಫು ನೆನೆಸೋಕೆ ಮೂರು ಮಿಲಿಮೀಟರ್ ನೀರು ನಿಲ್ಲಿಸಬೇಕಾದರೆ 19,000 ಲೀಟರ್, 6,000 ಲೀಟರಿನ ಟ್ಯಾಂಕರು ಮೂರು ತುಂಬಿ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಅದು ಒಂದು ಪಂದ್ಯ ಮುಗಿಯೋವರೆಗೂ ನಿಲ್ಲಲ್ಲ. ಮಣ್ಣಿನಲ್ಲಿ ಕಲಿತ ತಂಡ ವಾರಕ್ಕೊಮ್ಮೆ ಟರ್ಫಿಗೆ ಹೋಗೋದಕ್ಕಿಂತ, ಟೂರ್ನಿಗೆ ಹತ್ತು ದಿನ ಮುಂಚೆ ಒಟ್ಟಿಗೆ ನಾಲ್ಕು ದಿನ ಹೋಗೋದು ಅಗ್ಗ, ಉಪಯೋಗವೂ ಹೆಚ್ಚು. ಚೆಂಡಿನ ವೇಗ ಕಣ್ಣಿಗೆ ಒಗ್ಗೋಕೆ ಒಂದೇ ದಿನ ಸಾಲದು.

ಇನ್ನು ದುಡ್ಡು ಎಲ್ಲಿಂದ? ಅಂಗಡಿ ಬೀದಿಯ ಚಂದಾ ಗಣಪತಿಗೂ ರಾಜ್ಯೋತ್ಸವಕ್ಕೂ ಹಂಚಿ ಉಳಿದದ್ದು ಬರುತ್ತೆ. ಗೆಜ್ಜಲಗೆರೆ, ಮೈಸೂರಿನ ಹೆಬ್ಬಾಳ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಂಪನಿಗಳ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಕಂಪನಿ ಕೊಡುವ ಹಣ) ಕಡೆ ಎಲ್ಲರ ಕಣ್ಣು. ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಯ ತರಬೇತಿ ಇದೆ, ಹಾಕಿ ಅದರಲ್ಲಿ ಬರುತ್ತೆ. ಆದರೆ ಬರಿಗೈಲಿ ಹೋಗಬೇಡಿ. ನೋಂದಾಯಿತ ಸಂಘ, ಆದಾಯ ತೆರಿಗೆಯ 12ಎ (ಸಂಘದ ವರಮಾನಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ವಿನಾಯಿತಿ) ನೋಂದಣಿ, 2021ರ ಏಪ್ರಿಲ್ 1ರಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಲೆಕ್ಕ, ಇಷ್ಟಿದ್ದರೆ ಮಾತು ಮುಂದೆ ಹೋಗುತ್ತೆ. ಇನ್ನೊಂದು ತೊಡಕು: ಜೆರ್ಸಿ ಮೇಲೆ ಕಂಪನಿಯ ಹೆಸರು ಹಾಕಿ ಪ್ರಚಾರ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಎರಡೂ ಕೈತಪ್ಪುತ್ತೆ. ತರಬೇತಿ, ತಿಂಡಿ, ವಿಮೆಗೆ ಒಂದು ಅರ್ಜಿ. ಜೆರ್ಸಿಗೆ ಇನ್ನೊಂದು, ಅದೂ ಬೇರೆಯವರಿಗೆ. ಸಣ್ಣ ದಾನಿಗಳಿಗೆ 80ಜಿ ರಸೀದಿ ತೋರಿಸಿ ಆಸೆ ಹುಟ್ಟಿಸೋದೂ ಮೊದಲಿನಷ್ಟು ನಡೆಯಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಇಲ್ಲ. ಹಳೇ ಪದ್ಧತಿಯಲ್ಲೂ ನಗದು ₹2,000 ದಾಟಿದರೆ ಇಲ್ಲ, ಚೆಕ್ಕೋ ಯುಪಿಐಯೋ ಕೇಳಿ.

ಕತ್ತರಿಸೋದಾದರೆ ಟ್ರ್ಯಾಕ್ ಸೂಟಿನಿಂದ ಶುರುಮಾಡಿ. ಪ್ರತಿ ವರ್ಷ ಹೊಸ ಟ್ರ್ಯಾಕ್ ಸೂಟು, ಹೊಸ ಜೆರ್ಸಿ, ಅದರ ಮೇಲೆ ಇಸವಿ ಅಚ್ಚು ಹಾಕಿಸೋದು ಫೋಟೋಕ್ಕೆ ಚೆಂದ. ಇಸವಿ ಇಲ್ಲದೆ, ಹುಡುಗನ ಹೆಸರಿಲ್ಲದೆ, ಬರೀ ನಂಬರಿನ ಜೆರ್ಸಿ ಎರಡು ಬಣ್ಣದಲ್ಲಿ ಮಾಡಿಸಿದರೆ ಮೂರು ಬ್ಯಾಚು ಹಾಕುತ್ತೆ. ಹಣ ಇನ್ನೂ ಸಾಲದಿದ್ದರೆ ಟೂರ್ನಿ ಒಂದು ಕಡಿಮೆ ಮಾಡಿ. ಮೊಟ್ಟೆ ಎರಡರಿಂದ ಒಂದಕ್ಕೆ ಇಳಿಸಬೇಡಿ. ಮಳವಳ್ಳಿ, ಪಾಂಡವಪುರದ ಹಳ್ಳಿಗಳಿಂದ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬರುವ ಎಷ್ಟೋ ಹುಡುಗರಿಗೆ ಮನೆಯಲ್ಲಿ ರಾತ್ರಿ ಮುದ್ದೆ ಸಾರು ಸಿಗೋವರೆಗೆ ಅದೇ ಆಹಾರ.

ಮಾರ್ಚ್ ಬಂದಾಗ ಕಿಟ್ಟು ವಾಪಸ್ ತಗೊಳ್ಳೋ ಕೆಲಸವೊಂದಿದೆ, ಬಹಳ ತಂಡಗಳಲ್ಲಿ ಅದು ಆಗೋದೇ ಇಲ್ಲ. ಸ್ಟಿಕ್ಕಿನ ಹಿಡಿಯ ಗ್ರಿಪ್ ಬಿಚ್ಚಿ ಒಳಗೆ ಪರ್ಮನೆಂಟ್ ಮಾರ್ಕರಿನಲ್ಲಿ ನಂಬರ್ ಬರೆದು, ಮತ್ತೆ ಗ್ರಿಪ್ ಸುತ್ತಿಡಿ. ಹೊರಗೆ ಬರೆದದ್ದು ತಿಂಗಳಿಗೆ ಅಳಿಸಿಹೋಗುತ್ತೆ. ರಿಜಿಸ್ಟರಿನಲ್ಲಿ ನಂಬರ್, ಹುಡುಗನ ಹೆಸರು, ಕೊಟ್ಟ ದಿನ, ಅಪ್ಪ ಅಥವಾ ಅಮ್ಮನ ಸಹಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯೋ ಮೊದಲೇ ಕೇಳಿ. ಮುಗಿದ ಮೇಲೆ ಹುಡುಗ ಅಜ್ಜಿ ಊರಿಗೆ ಹೋಗಿರುತ್ತಾನೆ, ಸ್ಟಿಕ್ಕು ಅಲ್ಲಿ ಮಾವಿನಕಾಯಿ ಉದುರಿಸೋಕೆ ಹೋಗಿರುತ್ತೆ.